ಕೋಳಿಗೂಡಿನ ಕಿಂಡಿ ಮತ್ತು ನಮ್ಮತ್ತೆ

ಕೋಳಿ ಸಾಕುವವಳು ನಾನು; ಚಳಿಯಾಗುವುದು ಮಾತ್ರ ನಮ್ಮತ್ತೆಗೆ. ಬೆಳಗೋಡಿನ ಕಡೆ ಮಂಜು ಇಳಿಯಲು ಶುರುವಾಯಿತೆಂದರೆ ನಮ್ಮನೆಯಲ್ಲಿ ಇಂಥದ್ದೊಂದು ಆಗಲೇಬೇಕು.

ಚೀಲ

ಮೊಟ್ಟೆ ಮಾರಿ ಸ್ವಂತಕ್ಕೊಂದು ಹೊಲಿಗೆ ಮಿಷನ್ ಕೊಳ್ಳಬೇಕೆಂಬ ಆಸೆಯಿಂದ ನಾಟಿ ಕೋಳಿ ತಂದಿದ್ದೆ. ಬಗ್ಗಿ ಒಳಗೆ ಹೋಗುವಷ್ಟು ದೊಡ್ಡ ಗೂಡು, ಮೇಲ್ಗಡೆ ಗಾಳಿಗೆಂದು ಬಿಟ್ಟ ಕಿಂಡಿಗಳು. ಚಳಿ ಬಂದದ್ದೇ ತಡ, ಅತ್ತೆ ಒಂದು ಕಿಂಡಿಯನ್ನೂ ಬಿಡದೆ ಗೋಣಿಚೀಲ ತುರುಕಿಬಿಟ್ಟರು.

ಕಾಫಿ ಕೊಯ್ಲಿನ ದಿನ ನಮ್ಮವರು ಸ್ಟೋರೆಲ್ಲಾ ಹುಡುಕಿ ಬಂದರು. "ಒಂದು ಚೀಲಾನೂ ಇಲ್ವಲ್ಲೇ, ಎಲ್ಲೋದ್ವು?"

"ಕೋಳಿಗೂಡಲ್ಲಿ ಅವೆ."

"ಸರಿ ಹಂಗಾರೆ. ಕಾಫೀನ ನನ್ನ ಪಂಚೇಲಿ ಕಟ್ಕಂಡು ಬತ್ತೀನಿ. ಕೋಳಿಗೆ ಅದೂ ಬೇಕಾ ಅಂತ ನಮ್ಮವ್ವನ್ನ ಒಂದು ಮಾತು ಕೇಳ್ಬುಡು!"

ಡಾಕ್ಟರು

ಕೆಲವೇ ದಿನಗಳಲ್ಲಿ ಕೋಳಿಗಳು ಸೀನತೊಡಗಿದವು. ಮೊಟ್ಟೆ ನಿಂತೇ ಹೋಯಿತು. ನನಗೆ ಅಳುವೇ ಬಂತು. ಆಲೂರಿನಿಂದ ಬಂದ ಪಶುವೈದ್ಯರು ಗೂಡಿನೊಳಗೆ ತಲೆ ಹಾಕಿದವರೇ ಹಿಂದಕ್ಕೆ ಎಳೆದುಕೊಂಡರು. "ಹಿಕ್ಕೆ ಘಾಟು ಕಣ್ಣಿಗೆ ಹೊಡೀತಿದೆಯಲ್ಲಮ್ಮ! ಕೋಳಿ ಕೂರೋ ಕಡೆ ಗಾಳಿ ಬಡೀಬಾರದು, ನಿಜ. ಆದ್ರೆ ಮೇಲಿನ ಕಿಂಡಿ ತೆಗೀರಿ. ಒಳಗೆ ತೇವ ಇಲ್ದಿದ್ರೆ ಚಳಿ ತಡ್ಕೊತವೆ."

"ಹೂಂ" ಅಂದ ಅತ್ತೆ, ಅವರ ಬೈಕು ತಿರುವು ದಾಟುವುದನ್ನೇ ಕಾದರು. "ನೋಡ್ದೇನೇ? ತಾನು ಸ್ವೆಟರು, ಮಂಕಿ ಕ್ಯಾಪು ಎಲ್ಲಾ ಹಾಕ್ಕಂಡು ಬಂದವ್ನೆ. ಕೋಳಿಗೆ ಮಾತ್ರ ಗಾಳಿ ಬೇಕಂತೆ!"

ಪರೀಕ್ಷೆ

ಬೆಳಿಗ್ಗೆ ನಾನು ಚೀಲ ಕೀಳುವುದು, ಸಂಜೆ ಅವರು ತುರುಕುವುದು. ಒಂದು ಬೆಳಿಗ್ಗೆ ಕೀಳುವ ಮೊದಲೇ ಅಂದೆ, "ಒಳಗೆ ಅಷ್ಟು ಸುಖವಾಗಿದ್ರೆ ನೀವೇ ಒಸಿ ಹೊತ್ತು ಕೂತ್ಕಂಡು ಬನ್ನಿ ಅತ್ತೆ."

ಅತ್ತೆ ಸೋಲುವವರಲ್ಲ. ಕಂಬಳಿ ಹೊದ್ದು ಒಳಹೊಕ್ಕು ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತಿಗೇ ಕೆಮ್ಮುತ್ತಾ, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತಾ ಹೊರಬಂದರು. ಸರಿಯಾಗಿ ಅದೇ ಹೊತ್ತಿಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ನೆರೆಮನೆಯಾಕೆ ಬರಬೇಕೇ!

"ಅಯ್ಯಯ್ಯೋ, ಅತ್ತೇನ ಕೋಳಿಗೂಡಿಗೆ ಹಾಕ್ಬುಟ್ಟಿದ್ಯೇನೇ ಮಾರಾಯ್ತಿ?"

ನನ್ನ ಮಾನ ಊರ ಬಾಯಿಗೆ ಬಿತ್ತು ಅಂದುಕೊಂಡೆ. ಆದರೆ ಅತ್ತೆ ಕಣ್ಣೊರೆಸಿಕೊಂಡು ತಾವೇ ಮೇಲಿನ ಚೀಲಗಳನ್ನು ಕಿತ್ತೆಸೆಯತೊಡಗಿದರು. ಆಮೇಲೆ ಸೀನು ನಿಂತಿತು, ಮೊಟ್ಟೆ ಬಂತು, ನಿಧಾನಕ್ಕೆ ಮಿಷನ್ನೂ ಬಂತು. ಎಲ್ಲ ಸಂತೋಷವೇ. ಚೀಲ ಕೀಳುತ್ತಾ ಅವರು ಆಕೆಗೆ ಕೊಟ್ಟ ಉತ್ತರವನ್ನು ಮಾತ್ರ ನಾನು ಈ ಜನ್ಮದಲ್ಲಿ ಮರೆಯಲಾರೆ:

"ಇವಳ್ಯಾಕೆ ಹಾಕ್ತಾಳೆ ಬುಡು. ಕೋಳಿಗೆ ಗಾಳಿ ಬೇಕು ಕಣೇ ಅಂತ ದಿನಾ ಬಡ್ಕತಾ ಇವ್ನಿ, ಈ ಹುಡುಗಿ ಕೇಳಾಕಿಲ್ಲ. ಕೊನೆಗೆ ನಾನೇ ಒಳಗೆ ಕೂತು ತೋರಿಸ್ಬೇಕಾಯ್ತು!"