ಸ್ಟೇಟಸ್ಸಿಗೇರಿದ ನಿಶ್ಚಿತಾರ್ಥ

ಗಿರೀಶನಿಗೆ ಮದುವೆಯಾಗಲು ಆಸೆಯಿತ್ತು, ಹೆಣ್ಣು ನೋಡಲು ಹೋಗುವುದೇ ಬೇಡವಾಗಿತ್ತು. ಇದುವರೆಗೆ ಹನ್ನೆರಡು ಮನೆಗಳಲ್ಲಿ ಉಪ್ಪಿಟ್ಟು ತಿಂದು ಬಂದಿದ್ದ. ಹನ್ನೆರಡೂ ಕಡೆಯಿಂದ ‘ಯಾಕೋ ಕೂಡಿಬರಲಿಲ್ರಿ’ ಎಂಬ ಫೋನು ಬಂದಿತ್ತು. ಇನ್ನೊಮ್ಮೆ ಬೇಡ ಅನ್ನಿಸಿಕೊಂಡರೆ ತನಗೇ ತಾನು ಬೇಡವಾಗಿಬಿಡುತ್ತೇನೆ ಎಂದು ಅವನಿಗೆ ಭಯ.

ಅಂಥದ್ದರಲ್ಲಿ ಸೋಮವಾರ ಬೆಳಿಗ್ಗೆ, ಶಿರಸಿಯ ಬೈಕ್ ಶೋರೂಮಿನಲ್ಲಿ ಹೊಸ ಸ್ಕೂಟರಿನ ಧೂಳು ಒರೆಸುತ್ತಿದ್ದಾಗ ಬನವಾಸಿಯಿಂದ ಅವ್ವ ಪಾರ್ವತವ್ವನ ಫೋನು ಬಂತು.

“ಸಂಜೀಕ ಹೆಣ್ಣು ನೋಡಾಕ ಹೋಗೂದೈತಿ. ಲಗೂನ ಬಾ.”

“ಬ್ಯಾಡಬೇ! ನಂದು ಇಲ್ಲೇ ಗಟ್ಟಿ ಆಗೇತಿ!”

“ಯಾರ ಜೊತಿ?”

ಕಣ್ಣೆದುರಿಗೆ ಬಿಲ್ಲಿಂಗ್ ಕೌಂಟರಿನ ವಾಣಿಶ್ರೀ ಕೂತಿದ್ದಳು. ಅವಳ ಹೆಸರೇ ಬಾಯಿಗೆ ಬಂತು.

“ತಡಿ, ಬಸ್ ಹತ್ತಿ ಬರ್ತೀನಿ. ಕಣ್ಣಾರೆ ನೋಡೂತನಾ ಸಂಜೀದು ಬ್ಯಾಡ ಅನ್ನಂಗಿಲ್ಲ,” ಎಂದು ಪಾರ್ವತವ್ವ ಫೋನಿಟ್ಟಳು.

ಗಿರೀಶ ಬೆವರು ಒರೆಸಿಕೊಳ್ಳುತ್ತ ವಾಣಿಶ್ರೀಯ ಮುಂದೆ ನಿಂತ. ಒಂದು ದಿನದ ಮಟ್ಟಿಗೆ ನಾಟಕ ಮಾಡಬೇಕು, ಅವ್ವ ಬಸ್ ಹತ್ತಿದ ಮೇಲೆ ಎಲ್ಲ ಮುಗಿಯಿತು ಎಂದು ಗೋಗರೆದ. ಬೈಗುಳ ತಿನ್ನಲು ತಯಾರಾಗಿದ್ದ. ಅವಳು ಪೆನ್ನು ಕಚ್ಚಿ ಯೋಚಿಸಿ, “ಆಗ್ಲಿ ಬಿಡ್ರಿ ಸರ್. ಮಾಡೂದಾದ್ರ ಸರಿಯಾಗಿ ಮಾಡೋಣು,” ಎಂದಳು. ಎಂಥ ದೊಡ್ಡ ಮನಸ್ಸು ಎಂದುಕೊಂಡ ಗಿರೀಶ.

ಹನ್ನೊಂದಕ್ಕೆ ಬಂದ ಪಾರ್ವತವ್ವ ಹುಡುಗಿಯನ್ನು ನೋಡಿದ್ದೇ ತಡ, ತಂದಿದ್ದ ಅಬ್ಬಲಿಗೆ ಹೂವನ್ನು ಅವಳ ಮುಡಿಗೇರಿಸಿದಳು. ಅಷ್ಟಕ್ಕೆ ಸರ್ವಿಸ್ ವಿಭಾಗದ ರಾಘು ಓಡಿಬಂದ.

“ಎಂತದಾ ಮಾರಾಯ, ನಮ್ಮತ್ರ ಒಂದು ಮಾತು ಹೇಳೂಕಾಗ್ಲಿಲ್ವ ನಿಂಗೆ?”

ಆ ಶೋರೂಮಿನಲ್ಲಿ ಗಾಡಿ ಕೊಂಡವರಿಗೆ ಹಾರ ಹಾಕಿ, ರಟ್ಟಿನ ದೊಡ್ಡ ಕೀ ಹಿಡಿಸಿ, ಫೋಟೋ ತೆಗೆದು, ಶೋರೂಮಿನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಪದ್ಧತಿ. ಅದನ್ನು ಮಾಡುತ್ತಿದ್ದವನು ರಾಘುವೇ. ಇಬ್ಬರಿಗೂ ಹಾರ ಹಾಕಿ, ಕೈಗೆ ಕೀ ಕೊಟ್ಟು, ಫೋಟೋ ಹೊಡೆದ. ಅಭ್ಯಾಸಬಲದಿಂದ ಬೆರಳು ಮುಂದಿನ ಕೆಲಸವನ್ನೂ ಮುಗಿಸಿತು. ಫೋಟೋದ ಕೆಳಗೆ ದಿನವೂ ಹಾಕುವ ಒಕ್ಕಣೆಯೇ ಇತ್ತು: ‘ನಮ್ಮ ಹೊಸ ಗ್ರಾಹಕರಿಗೆ ಅಭಿನಂದನೆಗಳು. ನಿಧಾನವಾಗಿ ಚಲಾಯಿಸಿ.’

“ತೆಗಿಯೋ ಅದನ್ನ! ಮೂರು ತಾಲೂಕಿನ ಗಿರಾಕಿಗಳು ನೋಡ್ತಾರ!” ಎಂದು ಗಿರೀಶ ಕೂಗಿದ.

“ಇರ್ಲಿ ಬಿಡ್ರಿ, ಫೋಟೋ ಚಲೋ ಬಂದೈತಿ,” ಎಂದಳು ವಾಣಿಶ್ರೀ.

ಫೋನುಗಳ ಮಳೆಯೇ ಸುರಿಯಿತು. ಸಿದ್ದಾಪುರದವರೊಬ್ಬರು ಮದುವೆ ಊಟ ಯಾವತ್ತು ಎಂದು ಕೇಳಿದರು. ಯಲ್ಲಾಪುರದವರೊಬ್ಬರು ಒಕ್ಕಣೆ ಮಾತ್ರ ಓದಿ, ಮೈಲೇಜ್ ಎಷ್ಟು ಕೊಡುತ್ತದೆ ಎಂದು ವಿಚಾರಿಸಿದರು. ಮಧ್ಯಾಹ್ನ ವಾಣಿಶ್ರೀ ತನ್ನ ಡಬ್ಬಿಯ ರೊಟ್ಟಿಯಲ್ಲಿ ಒಂದನ್ನು ಗಿರೀಶನ ತಟ್ಟೆಗೆ ಹಾಕಿದಳು. ಅವನ ಎದೆ ತುಂಬಿಬಂತು. ಬದುಕಿನಲ್ಲಿ ಮೊದಲ ಸಲ ಹುಡುಗಿಯೊಬ್ಬಳು ಅವನನ್ನು ಬೇಡ ಅಂದಿರಲಿಲ್ಲ. ಇದು ನಾಟಕವೇ ಯಾಕಾಗಿರಬೇಕು? ಸಂಜೆ ನಿಜವಾಗಿಯೂ ಕೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ.

ಮೂರು ಗಂಟೆಗೆ ವಾಣಿಶ್ರೀಯ ಅಪ್ಪ, ಸಿದ್ದಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಚನ್ನಯ್ಯ, ಕೈಯಲ್ಲಿ ಆ ಸ್ಟೇಟಸ್ ಹಿಡಿದುಕೊಂಡೇ ಒಳಗೆ ನುಗ್ಗಿದ. ಎಕ್ಸ್‌ಚೇಂಜಿಗೆ ಬಂದ ಹಳೇ ಗಾಡಿಯನ್ನು ನೋಡುವ ಹಾಗೆ ಗಿರೀಶನ ಸುತ್ತ ಒಂದು ಸುತ್ತು ಹಾಕಿದ.

“ವಯಸ್ಸೆಷ್ಟು?”

“ಮೂವತ್ತಾರು ರೀ.”

“ಕೂದಲು?”

“ಸ್ವಲ್ಪ ಹೋಗ್ಯಾವ್ರಿ.”

“ಗಾಡಿ ಯಾವುದೈತಿ?”

“ಬಸ್ಸಿಗೇ ಅಡ್ಡಾಡ್ತೀನ್ರಿ.”

ಚನ್ನಯ್ಯ ಕುರ್ಚಿಯಲ್ಲಿ ಕುಸಿದು ಕೂತ. ನೀರು ಕುಡಿದು ಮಗಳ ಕಡೆ ತಿರುಗಿದ.

“ವಾಣಿ, ನಾ ಸೋತೆ. ಯಲ್ಲಾಪುರದ ಆ ಗ್ಯಾರೇಜಿನ ಕಿರಣನ್ನೇ ಮಾಡ್ಕೋವಾ. ಎರಡು ವರ್ಷದಿಂದ ಒಲ್ಲೆ ಅಂತಿದ್ದೆ. ಇಂವನ್ನ ನೋಡಿದ ಮ್ಯಾಲೆ ಅಂವ ಬಂಗಾರದಂಥಾ ಹುಡುಗ ಅನ್ನಿಸ್ತಾನ.”

ವಾಣಿಶ್ರೀಯ ಮುಖ ಅರಳಿತು. ಕಣ್ಣೊರೆಸಿಕೊಳ್ಳುತ್ತ ಬಂದು, “ನಿಮ್ಮ ಉಪಕಾರ ಮರಿಯಂಗಿಲ್ರಿ, ಗಿರೀಶಣ್ಣ,” ಎಂದಳು. ಬೆಳಿಗ್ಗೆ ‘ಸರ್’ ಆಗಿದ್ದವನು ಮಧ್ಯಾಹ್ನಕ್ಕೆ ಅಣ್ಣನಾಗಿದ್ದ.

ಊರಿನ ಬಸ್ಸಿಗೆ ಕಾಯುತ್ತ ಅಲ್ಲೇ ಕೂತಿದ್ದ ಪಾರ್ವತವ್ವ ಮಗನ ಬೆನ್ನು ಸವರಿದಳು. “ಹೋಗ್ಲಿ ಬಿಡಪಾ, ಸಂಜೀಯವರಿಗೆ ನಾ ಇನ್ನೂ ಬ್ಯಾಡ ಅಂದಿಲ್ಲ. ಆ ಹುಡುಗಿ ಇಕಿಗಿಂತ ಚಲೋ ಅದಾಳ.”

“ನಡಿಯಬೇ, ಹೋಗೋಣು,” ಎಂದ ಗಿರೀಶ. ಇಷ್ಟು ಮನಸ್ಸಿಟ್ಟು ಅವನು ಹಿಂದೆಂದೂ ಹೆಣ್ಣು ನೋಡಲು ಒಪ್ಪಿರಲಿಲ್ಲ.

ಅಷ್ಟರಲ್ಲಿ ಪಾರ್ವತವ್ವನ ಫೋನು ಬಡಿದುಕೊಂಡಿತು. ಹೂಂ, ಹೂಂ ಎನ್ನುತ್ತ ಕೇಳಿದ ಅವಳು ಫೋನಿಟ್ಟು ಮಗನ ಮುಖ ನೋಡಿದಳು.

“ಹುಡುಗಿ ಮನಿಯವರು. ಸ್ಟೇಟಸ್ ನೋಡ್ಯಾರಂತ. ಬ್ಯಾಡ ಅಂದ್ರು.”

ಹೀಗೆ ಯಾರ ಮನೆಯ ಹೊಸ್ತಿಲನ್ನೂ ತುಳಿಯದೆ, ಒಂದೇ ಮಧ್ಯಾಹ್ನದಲ್ಲಿ, ಗಿರೀಶ ಎರಡು ಕಡೆಯವರಿಗೆ ಬೇಡವಾದ.