ಆರುನೂರು ಕಿಲೊ ದಾಟಬಾರದ ಹೋರಿ

ದನ ಮೇಯಿಸಲು ಕತಾರಿಗೆ ಬಂದವನಿಗೆ ಇಂಥವು ಆಗದೆ ಇನ್ಯಾರಿಗೆ ಆಗಬೇಕು? ಉಮ್ಮ್ ಸಲಾಲ್‌ನ ಒಂದು ಫಾರ್ಮಿನಲ್ಲಿ ನಾನು ಮೇವಿನ ಸೂಪರ್‌ವೈಸರ್. ಯಜಮಾನರನ್ನು ಎಲ್ಲರಂತೆ ನಾನೂ ಅರ್ಬಾಬ್ ಎನ್ನುತ್ತೇನೆ. ಪ್ರದರ್ಶನಕ್ಕೆಂದು ಅವರು ಸಾಕಿದ್ದ ಬೀಜ ಒಡೆಸಿದ ಹೋರಿ ಆರುನೂರು ಕಿಲೊ ದಾಟಬಾರದಿತ್ತು. ದಾಟಿದರೆ ದೊಡ್ಡ ವರ್ಗಕ್ಕೆ ಹೋಗಿ, ಪಕ್ಕದ ಫಾರ್ಮಿನ ಒಂಬೈನೂರು ಕಿಲೊದ ಭೀಮನೆದುರು ನಿಲ್ಲಬೇಕು. "ಕಪ್ ನಹೀಂ, ತುಮ್ ಖಲಾಸ್" ಎಂದು ಅರ್ಬಾಬ್ ನಗುತ್ತಲೇ ಹೇಳಿದ್ದರು.

೧. ಯಂತ್ರದ ದೋಷ

ಬಾರ್ಲಿಯನ್ನು ಅರ್ಧಕ್ಕಿಳಿಸಿ ಒಣಹುಲ್ಲು ಹಾಕಿದೆ. ಶನಿವಾರ ತೂಗಿದರೆ ಏಳು ಕಿಲೊ ಹೆಚ್ಚು. ಮುಂದಿನ ಶನಿವಾರ ಮತ್ತೆ ಆರು. ತೂಕದ ಯಂತ್ರದ ಮೇಲೆ ಅನುಮಾನ ಬಂದು ಅರ್ಬಾಬ್ ತಾವೇ ಹತ್ತಿ ನಿಂತರು. ಅಂಕಿ ನೋಡಿದರು. ಇಳಿದರು. "ಮಿಷನ್ ಖರಾಬ್" ಎಂದರು.

ಮೆಕ್ಯಾನಿಕ್ ಬಂದು, ಯಂತ್ರ ಸರಿಯಾಗಿಯೇ ಇದೆ ಎಂದ. ಆ ಸುದ್ದಿಯನ್ನು ಅರ್ಬಾಬ್‌ಗೆ ಮುಟ್ಟಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

೨. ಶುಕ್ರವಾರದ ಸಾಲು

ಶುಕ್ರವಾರ ನನಗೆ ರಜೆ. ಆದರೂ ಒಮ್ಮೆ ಹೋಗಿ ನೋಡಿದೆ. ಕೊಟ್ಟಿಗೆ ಮುಂದೆ ಹನ್ನೊಂದು ಕಾರು. ದೋಹಾದ ಫ್ಲ್ಯಾಟುಗಳಿಂದ ಬಂದ ನಮ್ಮ ಕಡೆಯವರೆಲ್ಲ ಬಾಳೆಹಣ್ಣು, ಅಕ್ಕಿ-ಬೆಲ್ಲ ಹಿಡಿದು ಸಾಲಾಗಿ ನಿಂತಿದ್ದಾರೆ. ಗೇಟಿನ ಕಾವಲಿನವನ ಬಾಯಲ್ಲೂ ಬಾಳೆಹಣ್ಣು.

"ಗೋಗ್ರಾಸ ಕಣಪ್ಪಾ," ಎಂದರು ಮುಂದಿದ್ದ ಮೈಸೂರಿನ ಅಜ್ಜಿ. "ಈ ಊರಲ್ಲಿ ಹಸು ಎಲ್ಲಿ ಹುಡುಕೋಣ?"

"ಅಜ್ಜಿ, ಇದು ಹಸು ಅಲ್ಲ, ಹೋರಿ."

"ಪರದೇಶ ಅಲ್ವೇನಪ್ಪಾ, ದೇವರೂ ಅಡ್ಜಸ್ಟ್ ಮಾಡ್ಕೋತಾನೆ."

ತಿನ್ನಿಸಬಾರದು ಎಂದು ಕನ್ನಡದಲ್ಲೇ ಬೋರ್ಡ್ ಹಾಕಿದೆ. ಮುಂದಿನ ವಾರ ಯಾರೂ ತಿನ್ನಿಸಲಿಲ್ಲ. ಡಬ್ಬಿಗಳನ್ನೆಲ್ಲ ನನ್ನ ಕೈಗೆ ಕೊಟ್ಟು, "ನೀವೇ ತಿನ್ನಿಸಿಬಿಡಿ" ಎಂದರು.

೩. ಉಪವಾಸ

ಪ್ರದರ್ಶನದ ಮುನ್ನಾದಿನ, ಶುಕ್ರವಾರ, ಹೋರಿ ಐನೂರ ತೊಂಬತ್ತೆಂಟು ಕಿಲೊ. ಡಬ್ಬಿ ಹಿಡಿದು ಬಂದ ಅಜ್ಜಿಗೆ, "ಇವತ್ತು ಇದಕ್ಕೆ ಉಪವಾಸ" ಎಂದುಬಿಟ್ಟೆ.

"ಅಯ್ಯೋ ಹೌದಲ್ವೇ, ಏಕಾದಶಿ!" ಎಂದು ಅಜ್ಜಿ ಹೋರಿಗೆ ಕೈಮುಗಿದರು. ಸಾಲು ಕರಗಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಪ್ರದರ್ಶನದ ಮೈದಾನದಲ್ಲಿ ಹೋರಿಯನ್ನು ಕಟ್ಟಿ, ಕಾಗದಪತ್ರಕ್ಕೆಂದು ಸ್ವಲ್ಪ ಹೊತ್ತು ಆಚೆ ಹೋಗಿದ್ದೆ. ಬಂದು ನೋಡಿದರೆ ಹನ್ನೊಂದು ಮನೆಯವರೂ ಖಾಲಿ ಡಬ್ಬಿಗಳ ಮುಚ್ಚಳ ಹಾಕುತ್ತಿದ್ದಾರೆ.

"ದ್ವಾದಶಿ ಪಾರಣೆ ಆಯ್ತಪ್ಪಾ," ಎಂದರು ಅಜ್ಜಿ. "ಪಾಪ, ನೆನ್ನೆಯಿಂದ ಏನೂ ತಿಂದಿರಲಿಲ್ವಲ್ಲ. ಹೋಳಿಗೇನೇ ಮಾಡ್ಕೊಂಡು ಬಂದ್ವಿ."

ತೂಕ ಆರುನೂರ ಎಂಟು. ಭೀಮನ ಪಕ್ಕದಲ್ಲಿ ನಮ್ಮ ಹೋರಿ ಕರುವಿನಂತೆ ಕಂಡಿತು. ಕಪ್ ಹೋಯಿತು.

ಅರ್ಬಾಬ್ ದಾಪುಗಾಲು ಹಾಕುತ್ತ ಬಂದು, "ಕೌನ್ ಖಿಲಾಯಾ?" ಎಂದು ಗುಡುಗಿದರು. ಅಜ್ಜಿ ನಗುನಗುತ್ತ ಮುಂದೆ ಬಂದು, "ಹರ್ ಶುಕ್ರವಾರ್ ಹಮ್ ಹೀ" ಎನ್ನುತ್ತ, ಉಳಿದಿದ್ದ ಒಂದು ಹೋಳಿಗೆಯನ್ನು ಅವರ ಕೈಗಿಟ್ಟರು. ಅರ್ಬಾಬ್ ಮೂಸಿದರು, ಕಚ್ಚಿದರು, ಪೂರ್ತಿ ಮುಗಿಸಿದರು. ಕೆಲಸ ಹೋಯಿತೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ.

ಬೆರಳಿಗಂಟಿದ ತುಪ್ಪ ನೆಕ್ಕಿ ಅವರು ನನ್ನತ್ತ ತಿರುಗಿದರು. ಅಷ್ಟು ಸಿಟ್ಟನ್ನು ಆ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ.

"ಇಷ್ಟು ದಿನ ಇದನ್ನೆಲ್ಲ ಬರೀ ಹೋರಿಗೆ ಕೊಟ್ಟೆಯಾ?"