ಕಂಪೌಂಡರನ ಮುಖರಕ್ಷಣೆ

ಸ್ಪಿರಿದೋನನ ಮೂಗಿಗೆ ಗಂಡಾಂತರ ಬಂದದ್ದು ಒಂದು ಲೋಟ ಚಹಾದಿಂದ. ಬೆಳಿಗ್ಗೆ ಎದ್ದು ನೋಡಿದರೆ ಒಲೆಯ ಮೇಲಿನ ಪಾತ್ರೆಯಲ್ಲಿ ಹನಿ ನೀರಿಲ್ಲ. ನೀರು ಬೇಕೆಂದರೆ ಅಂಗಳಕ್ಕೆ ಹೋಗಬೇಕು. ನಮ್ಮ ಖತಿಂಗ್ ಹಳ್ಳಿಯಲ್ಲಿ ಚಳಿಗಾಲದ ನೀರು ಕೊಡದಲ್ಲಿರುವುದಿಲ್ಲ, ಸೌದೆಯ ಪಕ್ಕದಲ್ಲಿ ಒಟ್ಟಿರುತ್ತದೆ. ಕೆರೆ ಗಟ್ಟಿಯಾದ ಹೊಸತರಲ್ಲೇ ಮಂಜುಗಡ್ಡೆ ಕೊಯ್ದು ತಂದು ಗೋಡೆ ಕಟ್ಟಿದ ಹಾಗೆ ಪೇರಿಸಿಡುತ್ತೇವೆ. ಬೇಕಾದಾಗ ಕೊಡಲಿ ಹಿಡಿದು ಹೋಗಿ ಒಂದು ತುಂಡು ಒಡೆದು ತಂದು ಕರಗಿಸುವುದು.

‘ಒಂದು ನಿಮಿಷದ ಕೆಲಸ ತಾನೇ’ ಎಂದುಕೊಂಡು ಸ್ಪಿರಿದೋನ ಬೂಟು ಮೆಟ್ಟಿದ, ಕೋಟು ತೊಟ್ಟ, ತುಪ್ಪಳದ ಟೋಪಿ ಇಟ್ಟುಕೊಂಡ. ಮುಖಕ್ಕೆ ಸುತ್ತುವ ಮಫ್ಲರ್ ಮಾತ್ರ ಮೊಳೆಯಲ್ಲೇ ಉಳಿಯಿತು. ಹಿಂದಿನ ವಾರ ಸೊನ್ನೆಗಿಂತ ಐವತ್ತೈದು ಡಿಗ್ರಿ ಕೆಳಗಿದ್ದದ್ದು ಆ ದಿನ ನಲವತ್ತೆಂಟಕ್ಕೆ ಏರಿತ್ತು. ಇಂಥ ಸೆಕೆಯಲ್ಲಿ ಅಂಗಳಕ್ಕೆ ಹೋಗಿಬರಲು ಮಫ್ಲರ್ ಸುತ್ತಿಕೊಳ್ಳುವವನನ್ನು ನಮ್ಮೂರಲ್ಲಿ ಪಟ್ಟಣದವನೆಂದು ಆಡಿಕೊಳ್ಳುತ್ತಾರೆ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅದೊಂದು ಸುದ್ದಿಯೇ ಅಲ್ಲ. ಆದರೆ ಸ್ಪಿರಿದೋನ ನಮ್ಮ ಆರೋಗ್ಯ ಕೇಂದ್ರದ ಕಂಪೌಂಡರು. ಅದೇ ದಿನ ಮಧ್ಯಾಹ್ನ ಊರಿನ ಕ್ಲಬ್ಬಿನಲ್ಲಿ ಅವನ ಭಾಷಣವಿತ್ತು. ವಿಷಯ, ಚಳಿಯಲ್ಲಿ ಮುಖವನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದು. ಕೇಳುವುದಕ್ಕೆ ಜಿಲ್ಲಾ ಕೇಂದ್ರದಿಂದ ಮೇಲಧಿಕಾರಿ ಗ್ಲಾಫಿರಾ ನಿಕೀಟಿಚ್ನಾ ಅವರೇ ಬರುವವರಿದ್ದರು. ಅಲ್ಲಿಯ ಆಸ್ಪತ್ರೆಯ ಔಷಧಿ ಉಗ್ರಾಣಕ್ಕೆ ಒಬ್ಬ ಮನುಷ್ಯ ಬೇಕಾಗಿದ್ದ. ಉಗ್ರಾಣದ ಗೋಡೆಗೆ ಅಂಟಿಕೊಂಡೇ ಬಾಯ್ಲರ್ ಕೋಣೆ. ಅಲ್ಲಿ ಜನವರಿಯಲ್ಲೂ ಅಂಗಿಯ ತೋಳು ಮಡಚಿಕೊಂಡು ಕೂರಬಹುದಂತೆ. ಇಂಜೆಕ್ಷನ್ ಪೆಟ್ಟಿಗೆಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಮನೆಮನೆ ಅಲೆದು ಸಾಕಾಗಿದ್ದ ಸ್ಪಿರಿದೋನನಿಗೆ ಆ ಕುರ್ಚಿಯ ಮೇಲೆಯೇ ಜೀವ. “ಭಾಷಣ ಚೆನ್ನಾಗಿ ಆದ್ರೆ ನೋಡೋಣ” ಎಂದು ಗ್ಲಾಫಿರಾ ಫೋನಿನಲ್ಲಿ ಅಂದಿದ್ದರು. ಅವನು ಆಗಲೇ ಮನಸ್ಸಿನಲ್ಲಿ ಅರ್ಧ ಸಾಮಾನು ಕಟ್ಟಿಯಾಗಿತ್ತು.

ಮಂಜುಗಡ್ಡೆ ಒಡೆದು ಬುಟ್ಟಿಗೆ ಹಾಕಿಕೊಂಡು ತಿರುಗುವಷ್ಟರಲ್ಲಿ ಬೇಲಿಯಾಚೆಯಿಂದ ದನಿ ಬಂತು. ಪಕ್ಕದ ಮನೆಯ ಓಗ್ದೋ ಅಜ್ಜಿ. ಕಣ್ಣೆರಡು ಬಿಟ್ಟರೆ ಉಳಿದದ್ದೆಲ್ಲ ಶಾಲಿನೊಳಗೆ.

“ಏನಪ್ಪಾ ಸುದ್ದಿ, ಹೇಳು.”

“ಏನಿಲ್ಲ ಅಜ್ಜಿ. ನೀವೇ ಹೇಳ್ಬೇಕು.”

ನಮ್ಮಲ್ಲಿ ಹಿರಿಯರು ಹಾಗೆ ಕೇಳಿದ ಮೇಲೆ ಹೀಗೇ ಅನ್ನಬೇಕು. ಅಂದ ಮೇಲೆ ಅವರು ಹೇಳುವುದನ್ನು ಪೂರ್ತಿ ನಿಂತು ಕೇಳಬೇಕು. ನಡುವೆ ಹೊರಟರೆ ಮನೆತನಕ್ಕೇ ಕೆಟ್ಟ ಹೆಸರು. ಅಜ್ಜಿಗೆ ಹೇಳುವುದು ಬೇಕಾದಷ್ಟಿತ್ತು. ಹಸು ಕರು ಹಾಕಿತ್ತು, ಕರು ಹೆಣ್ಣಾಗಬೇಕಿತ್ತು, ಗಂಡಾಗಿತ್ತು. ಸೊಸೆ ಹೊಸ ಫ್ರಿಜ್ ತರಿಸಿದ್ದಳು.

“ಈ ಚಳೀಲಿ ಫ್ರಿಜ್ ಯಾಕೆ ಅಂದೆ. ಟೊಮ್ಯಾಟೊ ಹೆಪ್ಪುಗಟ್ಟದ ಹಾಗೆ ಬೆಚ್ಚಗಿಡೋಕೆ ಅತ್ತೇ, ಅಂದ್ಲು. ಟೊಮ್ಯಾಟೊಗೆ ಬೆಚ್ಚಗಿನ ಮನೆ. ಅತ್ತೆ ಮಲಗೋದು ಕಿಟಕಿ ಪಕ್ಕ. ಇದು ನ್ಯಾಯವೇನಪ್ಪಾ?”

“ಅನ್ಯಾಯ ಅಜ್ಜಿ” ಎಂದ ಸ್ಪಿರಿದೋನ. ಮೊದಮೊದಲು ಮೂಗು ಚುರುಗುಟ್ಟುತ್ತಿತ್ತು. ಸೊಸೆಯ ತವರಿನವರ ವಿಷಯ ಬರುವ ಹೊತ್ತಿಗೆ ಚುರುಗುಟ್ಟುವುದು ನಿಂತು ಹಾಯೆನಿಸಿತು. ಹಾಯೆನಿಸಿದರೆ ಅಪಾಯವೆಂದು ಅವನ ಭಾಷಣದಲ್ಲೇ ಬರೆದಿತ್ತು. ಆದರೆ ಭಾಷಣವಿದ್ದದ್ದು ಮನೆಯೊಳಗೆ, ಮೇಜಿನ ಮೇಲೆ.

ಸುದ್ದಿಯೆಲ್ಲ ಮುಗಿದ ಮೇಲೆ ಅಜ್ಜಿ ನಿಧಾನವಾಗಿ ಅಂದಳು: “ಅಂದ ಹಾಗೆ, ನಿನ್ನ ಮೂಗು ಬೆಳ್ಳಗಾಗಿದೆ ಕಣೋ.”

“ಯಾವಾಗಿಂದ?”

“ಕರು ವಿಷಯ ಹೇಳ್ತಿದ್ದಾಗಲೇ ಆಯ್ತು. ನೀನು ಅಷ್ಟು ಮನಸ್ಸಿಟ್ಟು ಕೇಳ್ತಾ ಇದ್ದೆ. ಮಧ್ಯೆ ಬಾಯಿ ಹಾಕೋದು ಬೇಡ ಅಂತ ಸುಮ್ಮನಿದ್ದೆ.”

ಬೆಳ್ಳಗಾಯಿತೆಂದರೆ ಮೂಗು ಚಳಿಗೆ ಮರಗಟ್ಟಿದೆಯೆಂದೇ ಅರ್ಥ. ಸ್ಪಿರಿದೋನ ಒಳಗೆ ಓಡಿ ಅಂಗೈಯಲ್ಲಿ ಮೂಗು ಮುಚ್ಚಿಕೊಂಡು ಕೂತ. ಅದು ಸರಿಯಾದ ಚಿಕಿತ್ಸೆಯೇ. ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಬೆಚ್ಚಗಿನ ಕೈಯಲ್ಲಿ ಮುಚ್ಚಿಕೊಂಡು ಕಾಯಬೇಕು. ಮೆಲ್ಲಗೆ ಜೀವ ಬಂತು. ಜೀವದ ಜೊತೆಗೆ ಉರಿಯೂ ಬಂತು, ಊತವೂ ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ಮೂಗು ಬೇಯಿಸಿದ ಬೀಟ್‌ರೂಟಿನ ಹಾಗಿತ್ತು. ಈ ಮೂಗು ಹೊತ್ತುಕೊಂಡು ವೇದಿಕೆ ಹತ್ತಿ ಮೂಗು ಕಾಪಾಡಿಕೊಳ್ಳಿ ಎಂದರೆ ಊರೇ ನಗುತ್ತದೆ. ಊರು ನಕ್ಕರೆ ನಗಲಿ, ಗ್ಲಾಫಿರಾ ನಕ್ಕರೆ ಕುರ್ಚಿ ಹೋಯಿತು. ಅವನಿಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಓಗ್ದೋ ಅಜ್ಜಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೈಯಲ್ಲಿ ಡಬ್ಬಿ.

“ಕರಡಿ ಕೊಬ್ಬು. ಕಳೆದ ವರ್ಷ ಅಳಿಯ ತಂದುಕೊಟ್ಟಿದ್ದು. ಮುಖ ಮುಂದೆ ಮಾಡು.”

“ಬೇಡ ಅಜ್ಜಿ, ಕೊಬ್ಬು ಬಳಿದ್ರೆ ಚಳಿ ತಡೆಯಲ್ಲ. ಇವತ್ತು ಮಧ್ಯಾಹ್ನ ನಾನೇ ಅದನ್ನ ಹೇಳೋನಿದ್ದೀನಿ.”

“ಮಧ್ಯಾಹ್ನ ಹೇಳ್ಕೋ. ಈಗಿನ್ನೂ ಬೆಳಿಗ್ಗೆ” ಎಂದು ಅಜ್ಜಿ ಎರಡು ಬೆರಳು ಅದ್ದಿ, ಮೂಗು ಕೆನ್ನೆ ಹಣೆ ಎನ್ನದೆ ಒಲೆ ಸಾರಿಸಿದ ಹಾಗೆ ಸಾರಿಸಿಬಿಟ್ಟಳು. ಡಬ್ಬಿಯ ಮುಚ್ಚಳ ತೆಗೆದಾಗಿನಿಂದ ಸ್ಪಿರಿದೋನನ ಬೆಕ್ಕು ಮಂಚದಡಿ ಸೇರಿದ್ದು ಮತ್ತೆ ಹೊರಗೆ ಬರಲಿಲ್ಲ.

ಅಜ್ಜಿ ಎದ್ದುಹೋಗುವಷ್ಟರಲ್ಲಿ ಭಾಷಣದ ಹೊತ್ತಾಗಿತ್ತು. ತೊಳೆದುಕೊಳ್ಳೋಣವೆಂದರೆ, ಹೊರಗೆ ಹೋಗುವ ಮುಂಚೆ ಸೋಪು ಹಾಕಿ ಮುಖ ತೊಳೆಯಬಾರದೆಂದು ಅದೇ ಹಾಳು ಭಾಷಣ ಹೇಳುತ್ತಿತ್ತು. ಸ್ಪಿರಿದೋನ ಮಫ್ಲರನ್ನು ಕಣ್ಣಿನವರೆಗೂ ಸುತ್ತಿ, ಅದರ ಮೇಲೆ ಅಂಗೈ ಒತ್ತಿಹಿಡಿದು ಬೀದಿಗಿಳಿದ.

ಆ ಅಂಗೈಯೇ ಮುಳುವಾಯಿತು. ನಮ್ಮಲ್ಲಿ ಬೀದಿಯಲ್ಲಿ ಸಿಕ್ಕವನು ಶತ್ರುವಾಗಿರಲಿ, ಅಪರಿಚಿತನಾಗಿರಲಿ, ಅವನ ಮುಖದ ಮೇಲೊಂದು ಕಣ್ಣಿಟ್ಟಿರಬೇಕು. ತನ್ನ ಮೂಗು ತನಗೆ ಕಾಣುವುದಿಲ್ಲವಲ್ಲ. ಒಬ್ಬ ಮುಖ ಹಿಡಿದುಕೊಂಡು ನಡೆಯುತ್ತಿದ್ದಾನೆಂದರೆ ನೋಡಿಯೂ ನೋಡದ ಹಾಗೆ ಹೋಗುವ ಪಾಪಿ ನಮ್ಮೂರಲ್ಲಿಲ್ಲ. ಆರೋಗ್ಯ ಕೇಂದ್ರದ ಡ್ರೈವರ್ ಬಹಿಲಾಯ್ ವ್ಯಾನು ನಿಲ್ಲಿಸಿ ಧುಮುಕಿದ. ಆಳು ದೈತ್ಯ, ಮನಸ್ಸು ಬೆಣ್ಣೆ.

“ಯಾಕಣ್ಣಾ ಮೂಗು ಹಿಡ್ಕೊಂಡಿದ್ದೀಯಾ? ತೆಗಿ, ನೋಡೋಣ.”

“ಏನೂ ಆಗಿಲ್ಲ ಬಹಿಲಾಯ್. ನೀನು ಹೋಗು.”

“ಎಲ್ಲಾರೂ ಹಂಗೇ ಅಂತಾರೆ. ನಮ್ಮ ಚಿಕ್ಕಪ್ಪನೂ ಹಂಗೇ ಅಂದಿದ್ದ. ಈಗ ಅವನ ಕಿವಿ ಅರ್ಧ ಇದೆ.” ಬಹಿಲಾಯ್ ಒಂದು ಕೈಯಲ್ಲಿ ಮಫ್ಲರ್ ಎಳೆದ. ಕೊಬ್ಬು ಮೆತ್ತಿದ ಮೂಗು ಆ ಚಳಿಗೆ ಮೇಣ ಬಳಿದ ಹಾಗೆ ಬೆಳ್ಳಗೆ ಬಿಗಿದುಕೊಂಡಿತ್ತು. “ಅಯ್ಯೋ, ಪೂರ್ತಿ ಹೋಗ್ಬಿಟ್ಟಿದೆ” ಎಂದವನೇ ಇನ್ನೊಂದು ಕೈಯಲ್ಲಿ ಹಿಮ ಬಾಚಿದ.

“ಹಿಮ ಉಜ್ಜಬೇಡ” ಎಂದು ಸ್ಪಿರಿದೋನ ಬಡಕೊಂಡ. “ಚರ್ಮ ಕಿತ್ತುಬರುತ್ತೆ. ಇವತ್ತಿನ ಭಾಷಣದಲ್ಲಿ ಅದೇ ಮುಖ್ಯ ವಿಷಯ.”

“ಭಾಷಣ ಆಮೇಲೆ ಮಾಡುವಂತೆ. ಮೊದ್ಲು ಮೂಗು ಉಳಿಸ್ಕೋ.”

ನಲವತ್ತೆಂಟು ಡಿಗ್ರಿಯ ಹಿಮ ಮೆತ್ತಗಿರುವುದಿಲ್ಲ, ಮರಳಿನ ಹಾಗಿರುತ್ತದೆ. ಬಹಿಲಾಯ್ ಪ್ರೀತಿಯಿಂದ ಉಜ್ಜಿದ. ಕೊಬ್ಬು ಮುಕ್ಕಾಲು ಹೋಯಿತು, ಅದರ ಕೆಳಗಿನದೂ ಸ್ವಲ್ಪ ಹೋಯಿತು. “ಈಗ ಕೆಂಪಗಾಯ್ತು ನೋಡು. ನಮ್ಮಪ್ಪನ ವಿದ್ಯೆ” ಎಂದು ಬೆನ್ನು ತಟ್ಟಿ ವ್ಯಾನು ಹತ್ತಿದ.

ಕ್ಲಬ್ಬಿನ ಹಿಂಬಾಗಿಲಿನಿಂದ ಒಳಗೆ ಬಂದು ಮಫ್ಲರ್ ಬಿಚ್ಚಿದ ಸ್ಪಿರಿದೋನನನ್ನು ನೋಡಿ ಕ್ಲಬ್ಬಿನ ಮ್ಯಾನೇಜರ್ ತ್ರೊಫೀಮ್ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟ.

“ಯಾರು ಹೊಡೆದಿದ್ದು?”

“ಯಾರೂ ಹೊಡೆದಿಲ್ಲ. ಉಪಕಾರ ಮಾಡಿದಾರೆ.”

ತ್ರೊಫೀಮನಿಗೂ ಉಪಕಾರದ ಬುದ್ಧಿ ಬಂತು. ಊರಿನ ನೃತ್ಯ ತಂಡದ ಬಣ್ಣದ ಪೆಟ್ಟಿಗೆ ತಂದು ಬಿಚ್ಚಿದ. “ಇಲ್ಲಿ ಅರವತ್ತರ ಮುದುಕಿಯರನ್ನ ಹದಿನಾರು ಮಾಡಿ ಕುಣಿಸಿದೀನಿ. ನಿನ್ನ ಮೂಗು ಯಾವ ಲೆಕ್ಕ?” ಎಂದು ಪೌಡರಿನ ಹತ್ತಿಯುಂಡೆಯಿಂದ ಅವನ ಮೂಗಿಗೆ ಒತ್ತಿದ, ಮತ್ತೆ ಒತ್ತಿದ. ಉಳಿದಿದ್ದ ಕರಡಿ ಕೊಬ್ಬಿಗೆ ಪೌಡರು ಸುಣ್ಣದ ಗಾರೆಯ ಹಾಗೆ ಕಚ್ಚಿಕೊಂಡಿತು. ಕೆಂಪೇನೋ ಮುಚ್ಚಿತು. ಕನ್ನಡಿ ಕೊಡು ಎಂದರೆ ತ್ರೊಫೀಮ್ ಕೊಡಲಿಲ್ಲ. ಸ್ಪಿರಿದೋನ ಯಾವುದಕ್ಕೂ ಇರಲಿ ಎಂದು ಮಫ್ಲರ್ ಮತ್ತೆ ಸುತ್ತಿಕೊಂಡು ವೇದಿಕೆಗೆ ಹೋದ.

ಸಭೆ ತುಂಬಿತ್ತು. ಭಾಷಣದ ಮೇಲಿನ ಪ್ರೀತಿಯಿಂದಲ್ಲ, ಆಮೇಲೆ ಹಾಲಿನ ಕೆನೆ ಕಡೆದು ಹಣ್ಣು ಹಾಕಿ ಕೊಡುತ್ತೇವೆಂದು ತ್ರೊಫೀಮ್ ಸಾರಿದ್ದ. ಮುಂದಿನ ಸಾಲಿನಲ್ಲಿ ಗ್ಲಾಫಿರಾ ನಿಕೀಟಿಚ್ನಾ, ಬೆನ್ನು ನೆಟ್ಟಗೆ, ತುಟಿ ಬಿಗಿ. ಎರಡನೆಯ ಸಾಲಿನಲ್ಲಿ ಓಗ್ದೋ ಅಜ್ಜಿ. ಬಾಗಿಲ ಹತ್ತಿರ ಬಹಿಲಾಯ್.

“ಬಂಧುಗಳೇ” ಎಂದು ಸ್ಪಿರಿದೋನ ಮಫ್ಲರಿನೊಳಗಿಂದ ಶುರುಮಾಡಿದ. “ಒಂದೇ ನಿಮಿಷ ಎಂದು ಮುಖ ಮುಚ್ಚದೆ ಹೊರಗೆ ಹೋಗುವುದೇ ಎಲ್ಲ ಅನಾಹುತಕ್ಕೂ ಮೂಲ.”

“ಏನಂದ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಮಫ್ಲರ್ ತೆಗೆದು ಮಾತಾಡಿ” ಎಂದರು ಗ್ಲಾಫಿರಾ. “ಇಲ್ಲಿ ಒಳ್ಳೆ ಬೆಚ್ಚಗಿದೆ.”

“ಅಭ್ಯಾಸ, ಗ್ಲಾಫಿರಾ ನಿಕೀಟಿಚ್ನಾ. ನಾನು ಒಳಗೂ ಮುಚ್ಚಿಕೊಂಡೇ ಇರ್ತೀನಿ. ಮಾದರಿಯಾಗಿರಲಿ ಅಂತ.”

“ತೆಗೀರಿ” ಎಂದರು ಗ್ಲಾಫಿರಾ. ಮೂರನೇ ಸಲ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಸ್ಪಿರಿದೋನ ಬಾಯ್ಲರ್ ಪಕ್ಕದ ಕುರ್ಚಿಯನ್ನು ಕೊನೆಯ ಸಲ ನೆನೆದು ಮಫ್ಲರ್ ಬಿಚ್ಚಿದ.

ದೀಪದ ಬೆಳಕಿಗೆ ಮೂಗು ಹಾಲಿನಷ್ಟು ಬೆಳ್ಳಗೆ ಕಂಡಿತು. ಹುಟ್ಟಿದಾಗಿನಿಂದ ರಕ್ತದಲ್ಲಿ ಬಂದ ಅಭ್ಯಾಸ ಎದ್ದು ನಿಂತಿತು. “ಮೂಗು ಬೆಳ್ಳಗಾಗಿದೆ” ಎಂದು ಇಡೀ ಊರು ಒಂದೇ ದನಿಯಲ್ಲಿ ಕೂಗಿತು. ಕುರ್ಚಿಗಳು ಬಿದ್ದವು. ಮುಂದಿನ ಸಾಲಿನವರು ವೇದಿಕೆ ಹತ್ತಿದರು, ಹಿಂದಿನವರು ಅವರ ಮೇಲೆ ಹತ್ತಿದರು. ಯಾರ ಯಾರದೋ ಅಂಗೈಗಳು ಸ್ಪಿರಿದೋನನ ಮುಖಕ್ಕೆ ಮುತ್ತಿಕೊಂಡವು. ಒಂದರಲ್ಲಿ ಮೀನಿನ ವಾಸನೆ, ಒಂದರಲ್ಲಿ ಡೀಸೆಲ್ಲು. ‘ಬಿಡ್ರಪ್ಪಾ, ಅದು ಪೌಡರು’ ಎಂದು ಅವನು ಕೂಗಿದ್ದು ಅಂಗೈಗಳೊಳಗೇ ಉಳಿಯಿತು.

ಕೈಗಳು ಹಿಂದೆ ಸರಿದಾಗ ಪೌಡರೆಲ್ಲ ಅವರ ಕೈಗೆ ಹೋಗಿತ್ತು. ವೇದಿಕೆಯ ಮೇಲೆ ಉಳಿದದ್ದು ಊದಿ, ಸುಲಿದು, ಕೊಬ್ಬಿನಲ್ಲಿ ಮಿಂಚುವ ನಿಜವಾದ ಮೂಗು. ಗ್ಲಾಫಿರಾ ಎದ್ದರು.

“ಇದು ಹೇಗಾಯ್ತು?”

ಸ್ಪಿರಿದೋನ ಬಾಯಿ ತೆರೆಯುವ ಮುಂಚೆ ಓಗ್ದೋ ಅಜ್ಜಿ ಹೆಮ್ಮೆಯಿಂದ ಎದ್ದು ನಿಂತಳು. “ನಾ ಹೇಳ್ತೀನಿ. ಬೆಳಿಗ್ಗೆ ಮಫ್ಲರ್ ಇಲ್ದೇ ಹೊರಗೆ ಬಂದ. ನಾನು ಮಾತಾಡಿಸ್ತಾ ನಿಂತೆ. ಮೂಗು ಹೋಯ್ತು. ಕರಡಿ ಕೊಬ್ಬು ಬಳಿದಿದ್ದೂ ನಾನೇ.”

“ಹಿಮ ಉಜ್ಜಿದ್ದು ನಾನು” ಎಂದ ಬಹಿಲಾಯ್ ಬಾಗಿಲಿನಿಂದ. ಹೆಸರು ಬಿಟ್ಟುಹೋದೀತೆಂಬ ಆತುರ ಅವನಿಗೆ.

“ಬಣ್ಣ ನಂದು” ಎಂದು ತೆರೆಯ ಹಿಂದಿನಿಂದ ತ್ರೊಫೀಮನ ದನಿ ಬಂತು.

ಗ್ಲಾಫಿರಾ ವೇದಿಕೆ ಹತ್ತಿ ಸ್ಪಿರಿದೋನನ ಗಲ್ಲ ಹಿಡಿದು ಮುಖವನ್ನು ಸಭೆಯ ಕಡೆ ತಿರುಗಿಸಿದರು. “ನೋಡಿ. ಮುಚ್ಚದೆ ಹೋದರೆ ಇಲ್ಲಿ ಹೀಗೆ ಊದುತ್ತೆ. ಕೊಬ್ಬಿನಿಂದ ಏನೂ ಪ್ರಯೋಜನ ಇಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಹಿಮ ಉಜ್ಜಿದ್ರೆ ಇಲ್ಲಿ, ಈ ತುದೀಲಿ, ಹೀಗೆ ಸುಲಿಯುತ್ತೆ.” ಜನ ಸಾಲಾಗಿ ಬಂದು ಬಗ್ಗಿ ನೋಡಿದರು. ತಾಯಂದಿರು ಮಕ್ಕಳನ್ನು ಎತ್ತಿ ತೋರಿಸಿದರು. ಬಹಿಲಾಯ್ ಬಂದು ನೋಡಿ, ಇನ್ನು ಮೇಲೆ ಯಾರಿಗೂ ಹಿಮ ಉಜ್ಜುವುದಿಲ್ಲವೆಂದು ಸತ್ತ ತಂದೆಯ ಮೇಲೆ ಆಣೆ ಮಾಡಿದ. ನಮ್ಮೂರ ಕ್ಲಬ್ಬಿನಲ್ಲಿ ಯಾವ ಭಾಷಣವನ್ನೂ ಜನ ಅಷ್ಟು ಎಚ್ಚರವಾಗಿ ಕೇಳಿದ್ದಿಲ್ಲ. ಕೆನೆಯ ಬೋಗುಣಿ ಒಂದು ಮೂಲೆಯಲ್ಲಿ ಹಾಗೇ ಕೂತಿತ್ತು.

ಎಲ್ಲ ಮುಗಿದ ಮೇಲೆ ಗ್ಲಾಫಿರಾ ಅವನ ಕೈ ಕುಲುಕಿದರು. ಆ ಬಿಗಿದ ತುಟಿಗಳ ಮೇಲೆ ನಗುವಿತ್ತು.

“ಸ್ಪಿರಿದೋನ್, ಇಷ್ಟು ವರ್ಷದಲ್ಲಿ ನಾನು ಕೇಳಿದ ಅತ್ಯುತ್ತಮ ಭಾಷಣ ಇದು.”

ಸ್ಪಿರಿದೋನನ ಎದೆಯಲ್ಲಿ ಬಾಯ್ಲರೇ ಹತ್ತಿಕೊಂಡಿತು. “ಹಾಗಾದ್ರೆ ಉಗ್ರಾಣದ ಕೆಲಸ…”

“ಉಗ್ರಾಣವೇ? ಅಲ್ಲಿ ಕೂತು ಮಾತ್ರೆ ಎಣಿಸೋಕೆ ಯಾರಾದ್ರೂ ಸಿಗ್ತಾರೆ. ನಿಮ್ಮಂಥವರನ್ನ ಒಳಗೆ ಕೂಡಿ ಹಾಕಿದ್ರೆ ಜನಕ್ಕೆ ದ್ರೋಹ ಮಾಡಿದ ಹಾಗೆ. ಸೋಮವಾರದಿಂದ ಹೊರಡಿ. ಜಿಲ್ಲೆಯ ಒಂದು ಹಳ್ಳಿನೂ ಬಿಡಬೇಡಿ, ಕುದುರೆ ಮೇಯಿಸೋರ ಬಿಡಾರಕ್ಕೂ ಹೋಗಿ. ಏಪ್ರಿಲ್‌ವರೆಗೂ ಇದೇ ಭಾಷಣ, ಇದೇ ಮೂಗು.”

ಸ್ಪಿರಿದೋನನ ಎದೆಯ ಬಾಯ್ಲರ್ ಆರಿಹೋಯಿತು. ತಾನು ಕಂಪೌಂಡರೆಂಬುದು ಅವನಿಗೆ ಆಗ ನೆನಪಾಯಿತು. “ಆದ್ರೆ ಗ್ಲಾಫಿರಾ ನಿಕೀಟಿಚ್ನಾ, ಈ ಮೂಗು ಅಷ್ಟು ದಿನ ಬಾಳಲ್ಲ. ಎರಡು ವಾರದಲ್ಲಿ ಪೂರ್ತಿ ವಾಸಿಯಾಗುತ್ತೆ. ಆಮೇಲೆ ಜನಕ್ಕೆ ತೋರಿಸೋಕೆ ಏನೂ ಇರಲ್ಲ.”

ಗ್ಲಾಫಿರಾ ಕೈಗವಸು ಹಾಕಿಕೊಳ್ಳುತ್ತ ಕಿಟಕಿಯಾಚೆಗಿನ ಮಂಜನ್ನು ನೋಡಿದರು.

“ಅದಕ್ಯಾಕೆ ಯೋಚನೆ ಮಾಡ್ತೀರಿ?” ಎಂದರು. “ಚಳಿಗೇನು ನಮ್ಮಲ್ಲಿ ಬರವೇ?”